ಹಳೆಯ ಖಾತೆ ಎಂಬ ಒಂದೇ ಕಾರಣಕ್ಕೆ

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಬರೆದ ಒಂದು ಇ-ಮೇಲ್ ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿರುವವರನ್ನೆಲ್ಲ ಬೆಚ್ಚಿಬೀಳಿಸಿತು. ಲಿನಕ್ಸ್ ಯಂತ್ರಕ್ಕೆ ಲಾಗಿನ್ ಆಗಲು ಎಂದಿಗಿಂತ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿದೆಯಲ್ಲ, ಯಾಕೆ ಎಂದು ಅವರು ಬೆನ್ನುಹತ್ತಿದಾಗ ಸಿಕ್ಕಿದ್ದು ಒಂದು ಕಳ್ಳಬಾಗಿಲು. ಕಡತಗಳ ಗಾತ್ರ ಕುಗ್ಗಿಸುವ ‘ಎಕ್ಸ್‌ಝಡ್ ಯುಟಿಲ್ಸ್’ ಎಂಬ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅದನ್ನು ಹುದುಗಿಸಿಡಲಾಗಿತ್ತು. ಜಗತ್ತಿನ ಬಹುಪಾಲು ಸರ್ವರ್‌ಗಳು ಲಿನಕ್ಸ್ ಮೇಲೆ ನಡೆಯುತ್ತವೆ, ಮತ್ತು ಈ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಇರುತ್ತದೆ. ಪುಣ್ಯಕ್ಕೆ, ಆ ಆವೃತ್ತಿಗಳು ಪರೀಕ್ಷೆಯ ಹಂತ ದಾಟಿ ಪ್ರಮುಖ ಲಿನಕ್ಸ್‌ಗಳ ಸ್ಥಿರ ಆವೃತ್ತಿಗಳಿಗೆ ಸೇರುವ ಮೊದಲೇ ಸಿಕ್ಕಿಬಿದ್ದವು. ಇಷ್ಟನ್ನೂ ಮಾಡಿದ್ದು ‘ಜಿಯಾ ಟಾನ್’ ಹೆಸರಿನ ಒಂದು ಖಾತೆ. 2021ರಲ್ಲಿ ಹುಟ್ಟಿದ ಆ ಖಾತೆ ಎರಡು ವರ್ಷಕ್ಕೂ ಹೆಚ್ಚು ಕಾಲ ಉಪಯುಕ್ತ ತಿದ್ದುಪಡಿಗಳನ್ನೇ ಕಳುಹಿಸಿತು, ದೋಷಗಳನ್ನು ಸರಿಪಡಿಸಿತು, ಎಲ್ಲರೊಂದಿಗೂ ಸೌಜನ್ಯದಿಂದ ನಡೆದುಕೊಂಡಿತು. ಈ ನಡುವೆ, ಹಿಂದೆಮುಂದೆ ಯಾರಿಗೂ ಗೊತ್ತಿಲ್ಲದ ಬೇರೆ ಕೆಲವು ಖಾತೆಗಳು ಬಂದವು. ಸಂಬಳವಿಲ್ಲದೆ ವರ್ಷಗಟ್ಟಲೆ ಈ ತಂತ್ರಾಂಶವನ್ನು ನೋಡಿಕೊಂಡಿದ್ದ ಲಾಸ್ಸೆ ಕೊಲಿನ್ ಅವರನ್ನು, ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ಬಿಟ್ಟುಕೊಡಿ ಎಂದು ಪೀಡಿಸಿದವು. ದಣಿದಿದ್ದ ಅವರು ಜಿಯಾ ಟಾನ್‌ಗೆ ಹೊಣೆಯಲ್ಲಿ ಪಾಲು ಕೊಟ್ಟರು. ಆ ಹೆಸರಿನ ಹಿಂದೆ ಯಾರಿದ್ದರೆಂಬುದು ಬಯಲಾಗಿಲ್ಲ.

ಈ ಪ್ರಕರಣವನ್ನು ಗೂಢಚಾರಿಕೆಯ ಕಥೆಯೆಂದು ಓದಿ ಮರೆಯುವುದು ಸುಲಭ. ನಮಗೆ ಅದರಲ್ಲಿ ಮುಖ್ಯವಾಗಬೇಕಾದದ್ದು ಬೇರೆ. ಇಂಟರ್ನೆಟ್ಟಿನಲ್ಲಿ ಒಂದು ಖಾತೆ ನಂಬಿಕೆಗೆ ಅರ್ಹವೇ ಎಂದು ಅಳೆಯಲು ಇಂದು ಬಳಕೆಯಲ್ಲಿರುವ ಯಾವ ಮಾಪನವನ್ನು ತೆಗೆದುಕೊಂಡರೂ ಜಿಯಾ ಟಾನ್ ಅದರಲ್ಲಿ ಒಳ್ಳೆಯ ದರ್ಜೆಯಲ್ಲೇ ಪಾಸಾಗುತ್ತಿತ್ತು. ಖಾತೆಗೆ ವಯಸ್ಸಾಗಿತ್ತು. ಮಾಡಿದ ಕೆಲಸದ ದಾಖಲೆ ಉದ್ದವಾಗಿತ್ತು. ಆ ಕೆಲಸವನ್ನು ಇತರರು ಒಪ್ಪಿ ಸ್ವೀಕರಿಸಿದ್ದರು. ಜಗಳದ ಚರಿತ್ರೆ ಇರಲಿಲ್ಲ. ಅಳತೆಗೋಲುಗಳು ಕೆಟ್ಟಿರಲಿಲ್ಲ, ಅವು ಅಳೆಯಬೇಕಾದದ್ದನ್ನು ಸರಿಯಾಗಿಯೇ ಅಳೆದಿದ್ದವು. ಆದರೆ ಅವು ಅಳೆಯುವುದು ನಿನ್ನೆಯವರೆಗಿನ ನಡತೆಯನ್ನು. ನಾಳೆ ಏನಾಗುತ್ತದೆಂಬ ಭರವಸೆಯನ್ನು ನಾವು ಅದಕ್ಕೆ ಅಂಟಿಸಿಕೊಂಡಿದ್ದೇವೆ. ಕಳ್ಳಬಾಗಿಲನ್ನು ಹಿಡಿದದ್ದು ಖಾತೆಯ ಮೌಲ್ಯಮಾಪನವಲ್ಲ, ಖಾತೆ ಮಾಡಿದ ಕೆಲಸವನ್ನು ಯಾರು ಬೇಕಾದರೂ ತೆರೆದು ನೋಡಬಹುದಾಗಿದ್ದ ವ್ಯವಸ್ಥೆ, ಮತ್ತು ನೋಡಲು ಬಲ್ಲ ಒಬ್ಬ ಮನುಷ್ಯ. ಆದ್ದರಿಂದ ನನ್ನ ವಾದ ಇಷ್ಟು: ಆನ್‌ಲೈನ್ ಸಮುದಾಯವೊಂದರ ವಿಶ್ವಾಸಾರ್ಹತೆ ಅದರ ಖಾತೆಗಳ ಮೇಲೆ ಅಂಟಿಸಿದ ಅಂಕಗಳಲ್ಲಿಲ್ಲ, ಪರಿಶೀಲಿಸುವವರ ಸಂಖ್ಯೆಯಲ್ಲಿ, ಅವರ ಸಾಮರ್ಥ್ಯದಲ್ಲಿ, ಮತ್ತು ತಪ್ಪನ್ನು ಹಿಂದಕ್ಕೆ ತಿರುಗಿಸಲು ಆ ಸಮುದಾಯಕ್ಕಿರುವ ಅನುಕೂಲದಲ್ಲಿದೆ. ನಾವು ಖಾತೆಗೆ ಅಂಕ ಕೊಡುವುದಕ್ಕೆ ಹಾಕಿದ ಬುದ್ಧಿಯ ಕಾಲುಭಾಗವನ್ನೂ ಪರಿಶೀಲಕರನ್ನು ಬೆಳೆಸುವುದಕ್ಕೆ ಹಾಕಿಲ್ಲ.

ಅಂಕ ಕೊಡುವುದರಲ್ಲಿ ತೋರಿದ ಬುದ್ಧಿ ಸಣ್ಣದೇನಲ್ಲ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ 2008ರಲ್ಲಿ ಶುರುವಾದಾಗಿನಿಂದ ಒಂದು ಏಣಿಯನ್ನೇ ಕಟ್ಟಿದೆ. ಇತರರ ಉತ್ತರಕ್ಕೆ ಮೆಚ್ಚುಗೆಯ ಮತ ಹಾಕಬೇಕಾದರೆ 15 ಅಂಕ ಗಳಿಸಿರಬೇಕು, ವಿರುದ್ಧ ಮತ ಹಾಕಲು 125, ಯಾರ ಒಪ್ಪಿಗೆಯೂ ಇಲ್ಲದೆ ಬೇರೆಯವರ ಬರಹ ತಿದ್ದಲು 2,000, ಅಳಿಸಿಹಾಕಿದ ಬರಹಗಳನ್ನು ನೋಡಲು 10,000. ಇಂಗ್ಲಿಷ್ ವಿಕಿಪೀಡಿಯದಲ್ಲಿ ನಾಲ್ಕು ದಿನ ಮತ್ತು 10 ಸಂಪಾದನೆ ಪೂರೈಸಿದ ಖಾತೆಗೆ ಮೊದಲ ಮೆಟ್ಟಿಲು ಸಿಗುತ್ತದೆ. ವಿವಾದದ ವಿಷಯಗಳ ಬಿಗಿ ಪುಟಗಳಿಗೆ ಕೈಹಾಕಲು 30 ದಿನ ಮತ್ತು 500 ಸಂಪಾದನೆ ಬೇಕು. ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸುವುದು ಚರ್ಚಾವೇದಿಕೆಗಳನ್ನು ನಡೆಸಲು ಬಳಸುವ ಡಿಸ್ಕೋರ್ಸ್ ಎಂಬ ತಂತ್ರಾಂಶದ ಕ್ರಮ. ಅಲ್ಲಿ ಹೊಸಬರು ಮೊದಲ ಮೆಟ್ಟಿಲು ಹತ್ತಲು ಏನನ್ನೂ ಬರೆಯಬೇಕಾಗಿಲ್ಲ. ಐದು ಚರ್ಚೆಗಳನ್ನು ತೆರೆದು, ಮೂವತ್ತು ಬರಹಗಳನ್ನು ಓದಿ, ಒಟ್ಟು ಹತ್ತು ನಿಮಿಷ ಅಲ್ಲಿದ್ದರೆ ಸಾಕು. ಮಾತಾಡುವ ಮೊದಲು ಕೇಳಿಸಿಕೊಂಡವರನ್ನು ಅದು ಗುರುತಿಸುತ್ತದೆ. ಮೂರನೆಯ ಮೆಟ್ಟಿಲಿಗೆ ಏರಿದವರು ಕಳೆದ ನೂರು ದಿನಗಳಲ್ಲಿ ಅರ್ಧದಷ್ಟು ದಿನವಾದರೂ ಬಂದುಹೋಗಿರಬೇಕು, ಇಲ್ಲದಿದ್ದರೆ ಕೆಳಗಿಳಿಯುತ್ತಾರೆ. ನಂಬಿಕೆ ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಆಸ್ತಿಯಲ್ಲ ಎಂಬ ತಿಳಿವಳಿಕೆ ಈ ನಿಯಮದೊಳಗಿದೆ. ಅದು ಬೇರೆ ತಾಣಗಳಿಗೆ ಬರಬೇಕಿತ್ತು, ಬಂದಿಲ್ಲ.

ಇಂಥ ಅಳತೆಗಳು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಅವು ಕೆಲಸ ಮಾಡುತ್ತವೆ ಎಂಬುದಕ್ಕೆ ಪುರಾವೆಯಿದೆ. 1995ರಲ್ಲಿ ಹುಟ್ಟಿದ ಇಬೇ ಎಂಬ ಹರಾಜು ತಾಣ, ಕೊಂಡವರು ಮತ್ತು ಮಾರಿದವರು ಪರಸ್ಪರರ ಬಗ್ಗೆ ಅಭಿಪ್ರಾಯ ದಾಖಲಿಸುವ ವ್ಯವಸ್ಥೆಯನ್ನು ಮರುವರ್ಷವೇ ತಂದಿತು. ಪಾಲ್ ರೆಸ್ನಿಕ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಒಬ್ಬನೇ ಮಾರಾಟಗಾರ ಒಂದೇ ಬಗೆಯ ಹಳೆಯ ಪೋಸ್ಟ್‌ಕಾರ್ಡ್‌ಗಳನ್ನು ತನ್ನ ಹೆಸರುವಾಸಿ ಖಾತೆಯಿಂದಲೂ, ಹೊಸದಾಗಿ ತೆರೆದ ಖಾತೆಗಳಿಂದಲೂ ಮಾರಿದ. ಹಳೆಯ ಖಾತೆಗೆ ಜನ ಶೇ 8.1ರಷ್ಟು ಹೆಚ್ಚು ಬೆಲೆ ಕೊಡಲು ಸಿದ್ಧರಿದ್ದರು. ಸರಕು ಅದೇ, ಮನುಷ್ಯ ಅವನೇ. ಆ ಹೆಚ್ಚಿನ ಹಣ ಬಂದದ್ದು ಹೆಸರಿಗೆ. ಅದಕ್ಕೂ ಮೊದಲು, 2001ರಲ್ಲಿ, ಎರಿಕ್ ಫ್ರೀಡ್‌ಮನ್ ಮತ್ತು ರೆಸ್ನಿಕ್ ಇನ್ನೊಂದು ಮಾತನ್ನು ಗಣಿತದ ಮೂಲಕ ತೋರಿಸಿದ್ದರು: ಹೊಸ ಹೆಸರು ಪುಕ್ಕಟೆಯಾಗಿ ಸಿಗುವ ಕಡೆ ಕೆಟ್ಟ ಹೆಸರಿಗೆ ಯಾರೂ ಅಂಜುವುದಿಲ್ಲ, ಹಳೆಯದನ್ನು ಬಿಸಾಡಿ ಹೊಸದನ್ನು ಧರಿಸಿ ಬರುತ್ತಾರೆ. ಹಾಗಾಗಿ ಸಮುದಾಯಗಳು ಹೊಸಬರೆಲ್ಲರನ್ನೂ ಸ್ವಲ್ಪ ಅನುಮಾನದಿಂದಲೇ ನೋಡುವುದು ಅನಿವಾರ್ಯವಾಗುತ್ತದೆ, ಪ್ರಾಮಾಣಿಕ ಹೊಸಬರು ಕೂಡ ಆ ಅನುಮಾನದ ಬೆಲೆ ತೆರಬೇಕಾಗುತ್ತದೆ. ಹತ್ತು ಸಂಪಾದನೆ, ನಾಲ್ಕು ದಿನ ಎಂಬ ನಿಯಮಗಳು ಈ ಬೆಲೆಯ ಬೇರೆಬೇರೆ ರೂಪಗಳು. ಜಾಹೀರಾತಿನ ಕಸ ಸುರಿಯಲು ಬರುವ ಅವಸರದವರನ್ನು ಅವು ತಡೆಯುತ್ತವೆ, ಮತ್ತು ಅವಸರದವರೇ ಸಂಖ್ಯೆಯಲ್ಲಿ ಹೆಚ್ಚು.

ತೊಂದರೆ ಶುರುವಾಗುವುದು ಅವಸರವಿಲ್ಲದವರು ಬಂದಾಗ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಒಂದೇ ಜಾಲಕ್ಕೆ ಸೇರಿದ 381 ಖಾತೆಗಳನ್ನು ಮುಚ್ಚಿತು. ಆ ಪ್ರಕರಣ ‘ಆರೆಂಜ್‌ಮೂಡಿ’ ಎಂದು ಹೆಸರಾಗಿದೆ. ಲೇಖನ ತಿರಸ್ಕೃತವಾದ ಸಣ್ಣ ವ್ಯಾಪಾರಿಗಳನ್ನೂ ಕಲಾವಿದರನ್ನೂ ಹುಡುಕಿ, ಹಣ ಕೊಟ್ಟರೆ ಪುಟ ಮಾಡಿಕೊಡುತ್ತೇವೆ ಎಂದು ವಸೂಲಿ ಮಾಡಿ, ಆಮೇಲೆ ಪುಟವನ್ನು ಕಾಪಾಡಲು ತಿಂಗಳು ತಿಂಗಳು ಹಣ ಕೇಳುವ ದಂಧೆ ಅದು. ಆ ಖಾತೆಗಳು ತಯಾರಾದ ಬಗೆ ನೋಡಿ: ಯಾವುದೋ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಪುಡಿ ತಿದ್ದುಪಡಿ ಮಾಡಿ ಹತ್ತರ ಲೆಕ್ಕ ಮುಗಿಸುವುದು, ನಾಲ್ಕು ದಿನ ಸುಮ್ಮನಿರುವುದು, ಮೊದಲ ಮೆಟ್ಟಿಲು ಸಿಕ್ಕಿದ ಮೇಲೆ ಅಸಲು ಕೆಲಸ. ನಿಯಮವನ್ನು ಅವರು ಮುರಿಯಲಿಲ್ಲ, ಪಾಲಿಸಿದರು. ಇಬೇಯಲ್ಲಿ ಬೇರೊಂದು ರೋಗ ಕಾಣಿಸಿಕೊಂಡಿತು. ಅಲ್ಲಿ ದಾಖಲಾಗುತ್ತಿದ್ದ ಅಭಿಪ್ರಾಯಗಳಲ್ಲಿ ಶೇ 99ರ ಆಸುಪಾಸು ಹೊಗಳಿಕೆಯೇ ಆಗಿತ್ತು. ಕೊಂಡವರು ಬೈದರೆ ಮಾರಿದವರು ತಿರುಗಿ ಬೈದು ಅವರ ಹೆಸರನ್ನೂ ಕೆಡಿಸುತ್ತಿದ್ದುದರಿಂದ ಜನ ಬಾಯಿ ಮುಚ್ಚಿಕೊಂಡಿದ್ದರು. 2008ರಲ್ಲಿ, ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವುದನ್ನೇ ತಾಣ ನಿಲ್ಲಿಸಬೇಕಾಯಿತು. ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ ಹಳೆಯ ಜನಪ್ರಿಯ ಬರಹಗಳನ್ನು ಮತ್ತೆ ಹಾಕಿ ‘ಕರ್ಮ’ ಎಂಬ ಅಂಕ ಗುಡ್ಡೆಹಾಕುವವರಿದ್ದಾರೆ. ಅಂಥ ಖಾತೆಗಳಿಗೆ ಕೊಳ್ಳುವವರೂ ಸಿಗುತ್ತಾರೆ. ಸ್ಲ್ಯಾಶ್‌ಡಾಟ್ ಎಂಬ ಹಳೆಯ ತಾಣ ಇದನ್ನು ಬೇಗ ಅರ್ಥಮಾಡಿಕೊಂಡು, ಅಂಕಕ್ಕೆ ಮಿತಿ ಹಾಕಿ, ಕ್ರಮೇಣ ಸಂಖ್ಯೆ ತೋರಿಸುವುದನ್ನೇ ಬಿಟ್ಟು ಒಳ್ಳೆಯದು, ಸಾಧಾರಣ, ಕೆಟ್ಟದ್ದು ಎಂಬ ಮಾತುಗಳಿಗೆ ಇಳಿಯಿತು. ಅಳತೆ ಸಾರ್ವಜನಿಕವಾದ ಗಳಿಗೆಯಿಂದ ಅದನ್ನು ತಯಾರಿಸುವ ಉದ್ಯಮವೂ ಹುಟ್ಟಿಕೊಳ್ಳುತ್ತದೆ.

ಇಲ್ಲಿ ಬಹಳ ಜನ ಥಟ್ಟನೆ ಕೊಡುವ ಪರಿಹಾರ ಒಂದಿದೆ: ಎಲ್ಲರೂ ನಿಜವಾದ ಹೆಸರಿನಲ್ಲಿ, ಗುರುತಿನ ಚೀಟಿ ತೋರಿಸಿ ಬರಲಿ. ನಮ್ಮಲ್ಲಿ ಈ ಮಾತು ಆಧಾರ್ ಜೋಡಣೆಯ ಬೇಡಿಕೆಯಾಗಿ ಆಗಾಗ ತಲೆಯೆತ್ತುತ್ತದೆ. ಅದರ ಹಿಂದಿರುವ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಖವಿಲ್ಲದ ಖಾತೆಗಳಿಂದ ಅತ್ಯಾಚಾರದ ಬೆದರಿಕೆ ಎದುರಿಸಿದ ಹೆಣ್ಣುಮಕ್ಕಳು ಹೀಗೆ ಕೇಳಿದರೆ ಅದು ನ್ಯಾಯವಾದ ಕೋಪ. ಆದರೆ ಈ ಪ್ರಯೋಗವನ್ನು ಒಂದು ದೇಶ ಆಗಲೇ ಮಾಡಿ ನೋಡಿದೆ. ದಕ್ಷಿಣ ಕೊರಿಯಾ 2007ರಲ್ಲಿ, ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಬರುವ ತಾಣಗಳಲ್ಲಿ ಬರೆಯುವವರೆಲ್ಲ ತಮ್ಮ ಗುರುತನ್ನು ದೃಢಪಡಿಸಬೇಕೆಂದು ಕಾನೂನು ತಂದಿತು. 2009ರಲ್ಲಿ ಆ ಮಿತಿಯನ್ನು ಒಂದು ಲಕ್ಷಕ್ಕೆ ಇಳಿಸಿತು. 2011ರಲ್ಲಿ ಅಲ್ಲಿನ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಬಿದ್ದು ಸುಮಾರು 3.5 ಕೋಟಿ ಜನರ ವಿವರ ಕಳವಾಯಿತು. ದೇಶದ ಜನಸಂಖ್ಯೆಯೇ ಐದು ಕೋಟಿಯ ಆಸುಪಾಸು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಆ ಕಾನೂನನ್ನು ರದ್ದುಪಡಿಸಿತು. ಕಾನೂನುಬಾಹಿರ ಬರಹಗಳು ಗಣನೀಯವಾಗಿ ಕಡಿಮೆಯಾದದ್ದು ಕಾಣುತ್ತಿಲ್ಲ, ಜನರ ಮಾತಿಗೆ ಮಾತ್ರ ತಡೆ ಬಿದ್ದಿದೆ ಎಂಬುದು ತೀರ್ಪಿನ ತಿರುಳು. ಬೆದರಿಕೆ ಹಾಕಿದವರನ್ನು ಪತ್ತೆಹಚ್ಚುವುದು ಪೊಲೀಸರ ಕೆಲಸ, ಅದಕ್ಕೆ ಬೇಕಾದ ಅಧಿಕಾರ ಈಗಿನ ಕಾನೂನುಗಳಲ್ಲೇ ಇದೆ. ಬರೆಯುವ ಪ್ರತಿಯೊಬ್ಬರ ಗುರುತನ್ನೂ ಒಂದು ಉಗ್ರಾಣದಲ್ಲಿ ಕೂಡಿಡುವುದು ಬೇರೆಯೇ ಸಂಗತಿ.

ಗುರುತು ಗೊತ್ತಿರುವುದು ಮತ್ತು ನಂಬಬಹುದಾಗಿರುವುದು ಎರಡೂ ಒಂದೇ ಎಂಬ ಭ್ರಮೆಯನ್ನು ನೀಲಿ ಟಿಕ್ ಬೆಳೆಸಿತು, ಕೊನೆಗೆ ಅದೇ ಒಡೆಯಿತು. ಟ್ವಿಟರ್ 2009ರಲ್ಲಿ ಅದನ್ನು ತಂದದ್ದು ಖ್ಯಾತನಾಮರ ಹೆಸರಿನ ನಕಲಿ ಖಾತೆಗಳನ್ನು ತಡೆಯಲು. ಇವರು ಇವರೇ ಎಂದಷ್ಟೇ ಅದು ಹೇಳುತ್ತಿತ್ತು. ಜನ ಅದನ್ನು ಇವರು ಹೇಳಿದ್ದು ನಿಜ ಎಂದು ಓದಿಕೊಂಡರು. 2022ರ ನವೆಂಬರ್‌ನಲ್ಲಿ ತಿಂಗಳಿಗೆ ಎಂಟು ಡಾಲರ್ ಕೊಟ್ಟವರಿಗೆಲ್ಲ ಆ ಗುರುತು ಸಿಗುವಂತಾಯಿತು. ಕೆಲವೇ ದಿನಗಳಲ್ಲಿ ಎಲಿ ಲಿಲ್ಲಿ ಔಷಧ ಕಂಪನಿಯ ಹೆಸರಿನ ನಕಲಿ ಖಾತೆಯೊಂದು ನೀಲಿ ಟಿಕ್ ಸಮೇತ ಇನ್ಸುಲಿನ್ ಇನ್ನು ಉಚಿತ ಎಂದು ಸಾರಿತು. ತಪ್ಪು ಸಂದೇಶ ಹೋದದ್ದಕ್ಕೆ ಅಸಲಿ ಕಂಪನಿ ಜನರ ಕ್ಷಮೆ ಕೇಳಬೇಕಾಯಿತು. 2024ರ ಜುಲೈನಲ್ಲಿ ಐರೋಪ್ಯ ಆಯೋಗ ಈ ಟಿಕ್ ಬಳಕೆದಾರರನ್ನು ದಾರಿತಪ್ಪಿಸುತ್ತದೆ ಎಂಬ ಪ್ರಾಥಮಿಕ ನಿರ್ಣಯಕ್ಕೆ ಬಂತು. ನಮ್ಮ 2021ರ ಐಟಿ ನಿಯಮಗಳೂ ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಬಳಕೆದಾರರು ಇಷ್ಟಪಟ್ಟರೆ ಮೊಬೈಲ್ ಸಂಖ್ಯೆ ಮೊದಲಾದವುಗಳಿಂದ ಖಾತೆ ದೃಢಪಡಿಸಿಕೊಂಡು, ಎಲ್ಲರಿಗೂ ಕಾಣುವ ಗುರುತು ಪಡೆಯುವ ಸೌಲಭ್ಯವಿರಬೇಕು ಎನ್ನುತ್ತವೆ. ಆದರೆ ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ಜನ ತಾವೇ ನೋಡಿಕೊಳ್ಳಲು ಕೇಂದ್ರ ಸರ್ಕಾರ ‘ಸಂಚಾರ್ ಸಾಥಿ’ಯಲ್ಲಿ ವ್ಯವಸ್ಥೆ ಮಾಡಬೇಕಾಗಿ ಬಂದ ನಾಡಿದು. ಇನ್ನೊಬ್ಬರ ಹೆಸರಿನ ಸಿಮ್ ಹಾಕಿಕೊಂಡ ವಂಚಕನಿಗೂ ದೃಢಪಟ್ಟ ಸಂಖ್ಯೆಯೇ ಇರುತ್ತದೆ. ಅತ್ತ, ‘ತ್ರಿವೇಣಿ’ ಎಂದರೆ ಅನಸೂಯಾ ಶಂಕರ್, ‘ನಿರಂಜನ’ ಎಂದರೆ ಕುಳಕುಂದ ಶಿವರಾಯ ಎಂದು ಗೊತ್ತಿಲ್ಲದೆಯೇ ಕನ್ನಡದ ಓದುಗರು ಆ ಹೆಸರುಗಳನ್ನು ನಂಬಿ ಪುಸ್ತಕ ಕೊಂಡರು. ಅವರ ನಂಬಿಕೆಗೆ ಪುಸ್ತಕ ಪುಸ್ತಕಕ್ಕೂ ಒದಗಿದ ಬರವಣಿಗೆ ಆಧಾರವಾಗಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಗುರುತು ಬೇಡವಾದರೆ ಬೇಡ, ಯೋಗ್ಯತೆಯನ್ನಾದರೂ ನೋಡಬೇಕಲ್ಲವೇ? ವೈದ್ಯಕೀಯದ ಪ್ರಶ್ನೆಗೆ ವೈದ್ಯರ ಉತ್ತರಕ್ಕೂ ದಾರಿಹೋಕರ ಉತ್ತರಕ್ಕೂ ಒಂದೇ ತೂಕವೇ? ತೂಕ ಒಂದೇ ಆಗಬಾರದು, ನಿಜ. ಆದರೆ ಖಾತೆಯ ಪರಿಚಯದಲ್ಲಿ ಬರೆದುಕೊಂಡ ಯೋಗ್ಯತೆ ಅಪಾಯಕಾರಿ ಆಧಾರ. ವಿಕಿಪೀಡಿಯದಲ್ಲಿ ‘ಎಸ್‌ಜೇ’ ಎಂಬ ಖಾತೆ ತಾನು ಡಾಕ್ಟರೇಟ್ ಪಡೆದ ಧರ್ಮಶಾಸ್ತ್ರದ ಪ್ರಾಧ್ಯಾಪಕನೆಂದು ಹೇಳಿಕೊಂಡಿತ್ತು, ವಾದಗಳಲ್ಲಿ ಆ ಪದವಿಯನ್ನೇ ಮುಂದಿಡುತ್ತಿತ್ತು, 2006ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯ ಲೇಖನದಲ್ಲೂ ಹಾಗೆಯೇ ಕಾಣಿಸಿಕೊಂಡಿತು. 2007ರಲ್ಲಿ ಆತ ಅಂಥ ಯಾವ ಪದವಿಯೂ ಇಲ್ಲದ 24 ವರ್ಷದ ಯುವಕನೆಂದು ಗೊತ್ತಾಯಿತು. ಆಗ ವಿಕಿಪೀಡಿಯ ಆಯ್ದುಕೊಂಡ ದಾರಿ ಗಮನಾರ್ಹ. ಪದವಿಗಳನ್ನು ದೃಢಪಡಿಸುವ ವ್ಯವಸ್ಥೆ ಬೇಕೆಂದು ಸ್ಥಾಪಕ ಜಿಮ್ಮಿ ವೇಲ್ಸ್ ಸೂಚಿಸಿದರೂ ಸಮುದಾಯ ಒಪ್ಪಲಿಲ್ಲ. ಹೇಳುವವರು ಯಾರಾದರೂ ಆಗಿರಲಿ, ಹೇಳಿದ್ದಕ್ಕೆ ಪ್ರಕಟಿತ ಆಧಾರ ಕೊಡಲಿ, ಯಾರು ಬೇಕಾದರೂ ಅದನ್ನು ತೆರೆದು ನೋಡುವಂತಿರಲಿ ಎಂಬ ನಿಲುವಿಗೆ ಅದು ಅಂಟಿಕೊಂಡಿತು. ಅದೇ 2007ರಲ್ಲಿ ವಿಕಿಪೀಡಿಯದ ಇನ್ನೊಬ್ಬ ಸ್ಥಾಪಕ ಲ್ಯಾರಿ ಸ್ಯಾಂಗರ್, ನಿಜನಾಮ ಮತ್ತು ತಜ್ಞರ ಒಪ್ಪಿಗೆಯ ಮೇಲೆ ನಿಂತ ಸಿಟಿಜೆಂಡಿಯಂ ಎಂಬ ವಿಶ್ವಕೋಶವನ್ನು ಸಾರ್ವಜನಿಕರಿಗೆ ತೆರೆದರು. ಅದು ಬೆಳೆಯಲೇ ಇಲ್ಲ. ತಜ್ಞರು ಬೇಕು, ಆದರೆ ಬಾಗಿಲಲ್ಲಿ ಚೀಟಿ ನೋಡಿ ಒಳಬಿಡುವುದರಿಂದ ಸಿಗುವ ಭದ್ರತೆಗಿಂತ, ಮಾತಿನ ಪಕ್ಕದಲ್ಲೇ ಅದರ ಆಧಾರ ಇರುವುದರಿಂದ ಸಿಗುವ ಭದ್ರತೆ ದೊಡ್ಡದು. ವೈದ್ಯರು ಬರೆದರೂ ಆಧಾರ ಕೊಡಬೇಕೆನ್ನುವುದು ವೈದ್ಯರಿಗೆ ಅವಮಾನವಲ್ಲ, ಅವರ ವೃತ್ತಿಯ ಪತ್ರಿಕೆಗಳು ಅವರಿಂದ ಬಯಸುವುದೂ ಅದನ್ನೇ.

ನನ್ನ ವಾದಕ್ಕೆ ಎದುರಾಗುವ ನಿಜವಾದ ಕಷ್ಟ ಬೇರೆ ಇದೆ. ಪರಿಶೀಲಿಸುವವರ ಮೇಲೆ ನಂಬಿಕೆ ನಿಂತಿದೆ ಎಂದರೆ, ಪರಿಶೀಲಿಸುವವರೇ ಇಲ್ಲದ ಕಡೆ ಏನು ಗತಿ? 2020ರ ಆಗಸ್ಟ್‌ನಲ್ಲಿ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದ ಸ್ಥಿತಿ ಹೊರಬಿದ್ದಾಗ ಈ ಪ್ರಶ್ನೆ ಮುಖಕ್ಕೇ ಬಂದು ನಿಂತಿತು. ಅಲ್ಲಿನ ಲೇಖನಗಳಲ್ಲಿ ಬಹು ದೊಡ್ಡ ಪಾಲನ್ನು, ಹತ್ತಾರು ಸಾವಿರ ಪುಟಗಳನ್ನು, ಬರೆದಿದ್ದವನು ಅಮೆರಿಕದ ಒಬ್ಬ ಹುಡುಗ. ಶುರುಮಾಡಿದಾಗ ಅವನಿಗೆ ಸುಮಾರು ಹನ್ನೆರಡು ವರ್ಷ, ಸ್ಕಾಟ್ಸ್ ಬರುತ್ತಲೇ ಇರಲಿಲ್ಲ. ಇಂಗ್ಲಿಷ್ ವಾಕ್ಯಗಳನ್ನಿಟ್ಟುಕೊಂಡು ಆನ್‌ಲೈನ್ ನಿಘಂಟಿನಿಂದ ಪದ ಬದಲಿಸುತ್ತಾ ಹೋಗಿದ್ದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ನಂಬಿದ್ದ. ಸಂಪಾದನೆಗಳ ಲೆಕ್ಕದಲ್ಲಿ ಅವನೇ ಮುಂದಿದ್ದುದರಿಂದ ನಿರ್ವಾಹಕನೂ ಆಗಿದ್ದ. ವರ್ಷಗಳ ಕಾಲ ಆ ಪುಟಗಳನ್ನು ಭಾಷೆ ಬಲ್ಲವರು ಕುಳಿತು ಓದಿರಲಿಲ್ಲ, ಓದಿದ ಒಬ್ಬಿಬ್ಬರ ಆಕ್ಷೇಪ ಮುಂದುವರಿಯಲಿಲ್ಲ. ಒಂದು ಅಲ್ಪಸಂಖ್ಯಾತ ಭಾಷೆಯ ಅತಿ ದೊಡ್ಡ ಆನ್‌ಲೈನ್ ಭಂಡಾರಗಳಲ್ಲೊಂದು ಹೀಗೆ ಹಾಳಾಯಿತು. ಆ ಪಠ್ಯವನ್ನೇ ಮಾದರಿಯೆಂದು ತೆಗೆದುಕೊಳ್ಳುವ ಯಂತ್ರಗಳಿಗೂ ಅದೇ ತಪ್ಪು ಹರಿಯುತ್ತದೆ. ಕ್ರೊಯೇಷ್ಯನ್ ಭಾಷೆಯ ವಿಕಿಪೀಡಿಯದ್ದು ಇದಕ್ಕಿಂತ ಕೆಟ್ಟ ಕಥೆ. ಅಲ್ಲಿ ಕೆಲವು ನಿರ್ವಾಹಕರು ಗುಂಪುಕಟ್ಟಿ, ಎರಡನೆಯ ಮಹಾಯುದ್ಧದ ಕಾಲದ ಉಸ್ತಾಶಾ ಆಡಳಿತದ ಅಪರಾಧಗಳನ್ನು ಮಸುಕುಗೊಳಿಸುವ ಇತಿಹಾಸವನ್ನು ಪುಟಗಳಲ್ಲಿ ತುಂಬಿದರು. ಪ್ರಶ್ನಿಸಿದವರನ್ನು ತಮ್ಮ ಅಧಿಕಾರ ಬಳಸಿ ಹೊರಹಾಕಿದರು. ವಿದ್ಯಾರ್ಥಿಗಳು ಅದನ್ನು ನೆಚ್ಚಬೇಡಿ ಎಂದು 2013ರಲ್ಲಿ ದೇಶದ ಶಿಕ್ಷಣ ಸಚಿವರೇ ಹೇಳಬೇಕಾಯಿತು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದಿಂದ ಈ ಬಗ್ಗೆ ವರದಿ ಬಂದದ್ದು 2021ರಲ್ಲಿ. ಆ ಖಾತೆಗಳೆಲ್ಲ ಹಳೆಯವು, ಎತ್ತರದ ಮೆಟ್ಟಿಲಿನಲ್ಲಿದ್ದವು. ಪರಿಶೀಲಕರನ್ನು ಓಡಿಸುವ ಬಲವನ್ನು ಅವರಿಗೆ ಕೊಟ್ಟದ್ದೇ ಆ ಮೆಟ್ಟಿಲು.

ಈ ಎರಡು ಪ್ರಕರಣಗಳು ನನ್ನ ವಾದವನ್ನು ಮುರಿಯುತ್ತವೆಯೇ? ನನಗೆ ಹಾಗೆ ತೋರುವುದಿಲ್ಲ. ಪರಿಶೀಲನೆ ಇಲ್ಲದಿದ್ದಾಗ ಅಂಕ, ವಯಸ್ಸು, ಪದವಿ ಯಾವುದೂ ಕಾಪಾಡುವುದಿಲ್ಲ ಎಂಬುದನ್ನೇ ಅವು ತೋರಿಸುತ್ತವೆ. ಈಗ ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಮಾತಿಗೆ ಇನ್ನಷ್ಟು ತುರ್ತು ಬಂದಿದೆ. ಚಾಟ್‌ಜಿಪಿಟಿ ಹೊರಬಂದ ಕೆಲವೇ ದಿನಗಳಲ್ಲಿ, 2022ರ ಡಿಸೆಂಬರ್‌ನಲ್ಲಿ, ಸ್ಟ್ಯಾಕ್ ಓವರ್‌ಫ್ಲೋ ಅದರಿಂದ ಬರೆಸಿದ ಉತ್ತರಗಳನ್ನು ನಿಷೇಧಿಸಿತು. ಉತ್ತರಗಳು ನೋಡಲು ಸರಿಯಾಗಿಯೇ ಇದ್ದವು, ತಪ್ಪಾಗಿದ್ದವು, ಮತ್ತು ತಪ್ಪೆಂದು ತಿಳಿಯಲು ಬಲ್ಲವರು ಹೊತ್ತು ವ್ಯಯಿಸಬೇಕಿತ್ತು. ಬರೆಯುವ ಖರ್ಚು ಶೂನ್ಯಕ್ಕೆ ಇಳಿದರೂ ಪರೀಕ್ಷಿಸುವ ಖರ್ಚು ಇದ್ದಲ್ಲೇ ಇತ್ತು. 2025ರ ಏಪ್ರಿಲ್‌ನಲ್ಲಿ ಬಯಲಾದ ಪ್ರಕರಣ ಇನ್ನೂ ಕಳವಳಕಾರಿ. ರೆಡ್ಡಿಟ್‌ನಲ್ಲಿ, ತಮ್ಮ ಅಭಿಪ್ರಾಯ ಬದಲಾಗುವಂತೆ ವಾದಿಸಿದವರಿಗೆ ಸದಸ್ಯರು ‘ಡೆಲ್ಟಾ’ ಎಂಬ ಗುರುತು ಕೊಡುವ ಒಂದು ಚರ್ಚಾ ಬಳಗವಿದೆ. ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಯಾರಿಗೂ ಹೇಳದೆ ಅಲ್ಲಿ ಯಂತ್ರದಿಂದ 1,700ಕ್ಕೂ ಹೆಚ್ಚು ಪ್ರತಿಕ್ರಿಯೆಗಳನ್ನು ಬರೆಸಿದ್ದರು. ಅವುಗಳಲ್ಲಿ ಕೆಲವು ಅತ್ಯಾಚಾರದ ಸಂತ್ರಸ್ತರ, ಆಘಾತಗೊಂಡವರಿಗೆ ಸಾಂತ್ವನ ಹೇಳುವ ಆಪ್ತಸಮಾಲೋಚಕರ ಸೋಗು ಹಾಕಿದ್ದವು. ಅವನ್ನು ಹಾಕಿದ ಖಾತೆಗಳು ಹತ್ತು ಸಾವಿರಕ್ಕೂ ಮೀರಿ ಕರ್ಮ ಗಳಿಸಿದವು, ನೂರಕ್ಕೂ ಹೆಚ್ಚು ಡೆಲ್ಟಾ ಪಡೆದವು. ಮನುಷ್ಯರು ಮನಸ್ಸು ತೆರೆದು ಕೊಟ್ಟ ಅತಿ ಬೆಲೆಯ ಗುರುತನ್ನು ಸುಳ್ಳು ಜೀವನಕಥೆ ಹೇಳಿದ ಯಂತ್ರ ಹೊತ್ತೊಯ್ದಿತು. ಇದು ಸಂಶೋಧನೆಯ ಹೆಸರಿನಲ್ಲಿ ನಡೆದ ದ್ರೋಹ ಎಂದೇ ನಾನು ಭಾವಿಸುತ್ತೇನೆ. ಜೊತೆಗೆ ಇನ್ನೊಂದು ವಿಷಯವೂ ಇದರಿಂದ ಖಚಿತವಾಯಿತು. ಎರಡು ವರ್ಷ ಕಾದು ಚರಿತ್ರೆ ಕಟ್ಟಿಕೊಳ್ಳಬೇಕಾಗಿದ್ದ ಜಿಯಾ ಟಾನ್‌ಗಳ ಶ್ರಮ ಇನ್ನು ಮುಂದೆ ಬಹಳ ಕಡಿಮೆಯಾಗುತ್ತದೆ.

ಹಾಗಾದರೆ ತಾಣಗಳು ಮಾಡಬೇಕಾದದ್ದೇನು? ಊರಿನ ಕಿರಾಣಿ ಅಂಗಡಿಯವರು ಉದ್ರಿ ಕೊಡುವ ಕ್ರಮದಲ್ಲಿ ಇದಕ್ಕೆ ಬೇಕಾದ ವಿವೇಕ ಇದೆ. ಗಿರಾಕಿ ಎಂಥವರು ಎಂದು ಅವರು ನೋಡುತ್ತಾರೆ, ಸರಿಯೇ. ಅದಕ್ಕಿಂತ ಹೆಚ್ಚಾಗಿ, ಈ ಬಾಕಿ ಬಾರದೇ ಹೋದರೆ ತಾನು ತಡೆದುಕೊಳ್ಳಬಲ್ಲೆನೇ ಎಂದು ನೋಡುತ್ತಾರೆ. ಎಷ್ಟೇ ಹಳೆಯ ಗಿರಾಕಿಯಾದರೂ ಅಂಗಡಿಯನ್ನೇ ಉದ್ರಿ ಕೊಡುವುದಿಲ್ಲ. ಆನ್‌ಲೈನ್ ಸಮುದಾಯಗಳಲ್ಲೂ ಅಧಿಕಾರದ ಹಂಚಿಕೆಗೆ ಅಂಕಕ್ಕಿಂತ ಮೊದಲು ಹಾನಿಯ ಲೆಕ್ಕ ಬೇಕು. ಒಂದು ಗುಂಡಿ ಒತ್ತಿ ಹಿಂದಕ್ಕೆ ತಿರುಗಿಸಬಹುದಾದ ಕೆಲಸವನ್ನು ನಿನ್ನೆ ಬಂದ ಖಾತೆಗೂ ಬಿಡಬಹುದು. ಹಿಂತಿರುಗಿಸಲಾಗದ ಕೆಲಸವನ್ನು, ಅಂದರೆ ತಂತ್ರಾಂಶ ಬಿಡುಗಡೆ ಮಾಡುವುದು, ಇನ್ನೊಬ್ಬರನ್ನು ಶಾಶ್ವತವಾಗಿ ಹೊರಹಾಕುವುದು, ದಾಖಲೆ ಅಳಿಸುವುದು ಇಂಥವನ್ನು, ಹತ್ತು ವರ್ಷದ ಖಾತೆಯೂ ಇನ್ನೊಬ್ಬರ ಸಹಿ ಇಲ್ಲದೆ ಮಾಡುವಂತಿರಬಾರದು. ಹೀಗೆ ಮಾಡಿದರೆ ಕೆಲಸ ನಿಧಾನವಾಗುತ್ತದೆ, ಸ್ವಯಂಸೇವಕರ ಮೇಲೆ ಹೊರೆ ಬೀಳುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಎಕ್ಸ್‌ಝಡ್ ಪ್ರಕರಣದಲ್ಲಿ ಬಿರುಕು ಬಿಟ್ಟದ್ದು ಅಲ್ಲೇ. ಇಡೀ ಉದ್ಯಮ ಆತುಕೊಂಡಿದ್ದ ತಂತ್ರಾಂಶಕ್ಕೆ ಎರಡನೆಯ ಸಹಿ ಹಾಕಲು ಜನವೇ ಇರಲಿಲ್ಲ. ಅದನ್ನು ಉಚಿತವಾಗಿ ಬಳಸಿ ಕೋಟಿಗಟ್ಟಲೆ ಗಳಿಸುವ ಕಂಪನಿಗಳು ಪರಿಶೀಲನೆಗೆ ಸಂಬಳ ಕೊಡಬೇಕು, ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಸಂಬಳವಿಲ್ಲದ ಕಡೆ ಮನ್ನಣೆಯಾದರೂ ಸಿಗಬೇಕು. ಈಗ ಹೊಸ ಲೇಖನ ಬರೆದವರಿಗೆ, ಉತ್ತರ ಕೊಟ್ಟವರಿಗೆ ಸಿಗುವ ಗೌರವ, ಮೂರು ದಿನ ಕುಳಿತು ಇನ್ನೊಬ್ಬರ ಲೇಖನದ ಆಧಾರಗಳನ್ನು ತಾಳೆ ನೋಡಿದವರಿಗೆ ಸಿಗುವುದಿಲ್ಲ.

ಕನ್ನಡಕ್ಕೆ ಇದು ದೂರದ ಮಾತಲ್ಲ. 2011ರ ಜನಗಣತಿಯಂತೆ 4.37 ಕೋಟಿ ಜನರ ತಾಯ್ನುಡಿ ನಮ್ಮದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿದ್ದರೂ ಅದನ್ನು ತಿದ್ದುವ ಸಕ್ರಿಯ ಕೈಗಳು ಬಹಳ ಕಡಿಮೆ. ಸ್ಕಾಟ್ಸ್‌ಗೆ ಆದದ್ದು ನಮಗೆ ಆಗಲಾರದು ಎನ್ನಲು ಯಾವ ಆಧಾರವೂ ಇಲ್ಲ. ಯಂತ್ರಗಳು ಈಗ ನೋಡಲು ಚೆಂದವಾದ ಕನ್ನಡ ಬರೆಯುತ್ತವೆ, ಜಿಲ್ಲೆಯ ಇತಿಹಾಸ, ಔಷಧಿಯ ಗುಣ, ಶಾಸನದ ಕಾಲ ಏನನ್ನು ಕೇಳಿದರೂ ಅಳುಕಿಲ್ಲದೆ ಹೇಳುತ್ತವೆ. ತಾಳಗುಂದದ ಶಾಸನ ಹಲ್ಮಿಡಿಯದಕ್ಕಿಂತ ಹಳೆಯದೇ ಎಂಬ ಚರ್ಚೆಯಲ್ಲಿ ಬರೆದವರ ಅಂಕ, ಖಾತೆಯ ವಯಸ್ಸು, ಹಿಂಬಾಲಕರ ಸಂಖ್ಯೆ ನೋಡಿ ಯಾವ ಪ್ರಯೋಜನವೂ ಇಲ್ಲ. ಶಾಸನದ ಪಾಠ ಎಲ್ಲಿ ಪ್ರಕಟವಾಗಿದೆ, ಲಿಪಿಯ ಕಾಲದ ಬಗ್ಗೆ ವಿದ್ವಾಂಸರ ವಾದವೇನು ಎಂದು ತೆಗೆದು ನೋಡಬಲ್ಲವರು ಆ ಚರ್ಚೆಯಲ್ಲಿ ಇರಬೇಕು. ಅಂಥವರು ನಮ್ಮಲ್ಲಿಲ್ಲವೇ? ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ಓದಲು ಕಲಿತ ವಿದ್ಯಾರ್ಥಿಗಳು ನಮ್ಮ ವಿಶ್ವವಿದ್ಯಾಲಯಗಳಿಂದ ಹೊರಬರುತ್ತಾರೆ. ಸೂಕ್ಷ್ಮವಾಗಿ ಓದುವ ನಿವೃತ್ತ ಅಧ್ಯಾಪಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಹೊರನಾಡುಗಳಲ್ಲಿರುವ ಕನ್ನಡದ ವೈದ್ಯರು, ಎಂಜಿನಿಯರುಗಳು ಕನ್ನಡಕ್ಕಾಗಿ ಏನಾದರೂ ಮಾಡಬೇಕೆಂಬ ಆಸೆ ಇಟ್ಟುಕೊಂಡಿದ್ದಾರೆ.

ನಮ್ಮ ಕೆಲವು ಕಾಲೇಜುಗಳು ವಿದ್ಯಾರ್ಥಿಗಳಿಂದ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಸುತ್ತಾ ಬಂದಿವೆ. ಆ ಉತ್ಸಾಹಕ್ಕೆ ನನ್ನ ಮೆಚ್ಚುಗೆ ಇದೆ, ಆದರೆ ದಿಕ್ಕು ಬದಲಾಗಬೇಕು. ಅರ್ಧ ತಿಳಿದ ವಿಷಯದ ಮೇಲೆ ಹೊಸದೊಂದು ಪುಟ ಬರೆಸುವ ಬದಲು, ಇರುವ ಒಂದು ಪುಟವನ್ನು ಕೈಗೆ ಕೊಟ್ಟು, ಅದರ ಪ್ರತಿಯೊಂದು ಹೇಳಿಕೆಯನ್ನೂ ಗ್ರಂಥಾಲಯದ ಪುಸ್ತಕದೊಂದಿಗೆ ತಾಳೆ ನೋಡಿಸಿ, ಆಧಾರ ಸಿಗದ ಮಾತಿಗೆ ಗುರುತು ಹಾಕಿಸಿ, ಚರ್ಚಾಪುಟದಲ್ಲಿ ತಮ್ಮ ಸಂಶಯವನ್ನು ಬರೆಸಲಿ. ಅಂತರ್ಜಾಲದಲ್ಲಿರುವ ಬೇರೆ ಕನ್ನಡ ಬಳಗಗಳ ನಿರ್ವಾಹಕರೂ ಸದಸ್ಯರಲ್ಲಿ ಆಧಾರ ಕೇಳುವವರನ್ನು ಜಗಳಗಂಟರೆಂದು ಎಣಿಸದೆ, ಹೊಣೆ ಹಂಚುವಾಗ ಅವರನ್ನೇ ಮೊದಲು ಕರೆಯಲಿ. ಕನ್ನಡ ವಿಭಾಗ, ಇತಿಹಾಸ ವಿಭಾಗ, ವಿಜ್ಞಾನ ವಿಭಾಗಗಳು ಈ ತಾಳೆ ನೋಡುವ ಕೆಲಸಕ್ಕೆ ಆಂತರಿಕ ಮೌಲ್ಯಮಾಪನದಲ್ಲಿ ಅಂಕ ಕೊಡಲು ಯಾವ ಹೊಸ ಅನುದಾನವೂ ಬೇಕಾಗಿಲ್ಲ, ಮುಂದಿನ ಸೆಮಿಸ್ಟರ್‌ನಿಂದಲೇ ಶುರುಮಾಡಬಹುದು.